ಮೇಲಿನ ನಂಜ, ಕೆಳಗಿನ ನಂಜ, ನಡುವೆ ಒಂದು ನೀಲಿ ಕೇಬಲ್

ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಒಣಹಾಕುವ ಹಗ್ಗ ನೀಲಿ ಬಣ್ಣದ್ದು. ಹಗ್ಗ ಅನ್ನುವುದು ರೂಢಿಯ ಮಾತು. ನಿಜವಾಗಿ ಅದು ಎರಡು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಕೇಬಲ್. ಅದನ್ನು ಅಲ್ಲಿ ಕಟ್ಟಿಸಿದವಳು ನನ್ನ ದೊಡ್ಡವ್ವ, ತುಕ್ಕು ಹಿಡಿಯುವುದಿಲ್ಲ ಅನ್ನುವ ಕಾರಣಕ್ಕೆ. ಮೊನ್ನೆ ಭಾನುವಾರ ಒದ್ದೆ ಪಂಚೆಯನ್ನು ಹಿಂಡಿ ಅದರ ಮೇಲೆ ಎಸೆದೆ. ಕಂಬಕ್ಕೆ ಸುತ್ತಿದ್ದ ತುದಿ ಬಿಚ್ಚಿಕೊಂಡು, ಅದರ ಪ್ಲಾಸ್ಟಿಕ್ ಮೂತಿ ನನ್ನ ಕೆನ್ನೆಗೆ ಫಟ್ ಅಂತ ಬಡಿಯಿತು. ನೋವೇನೂ ಆಗಲಿಲ್ಲ. ಆದರೆ ಆ ಕೇಬಲ್ಲಿನ ಕೈಯಲ್ಲಿ ಏಟು ತಿನ್ನುವಂಥ ಕೆಲಸವನ್ನು ನಾನು ಒಂದು ಕಾಲದಲ್ಲಿ ಮಾಡಿದ್ದೆ ಅನ್ನುವುದು ನೆನಪಾಯಿತು. ಪುರಸೊತ್ತಿದ್ದರೆ ಕೇಳಿ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ನನ್ನ ಹೆಸರು ಎಸ್. ನಂಜುಂಡಸ್ವಾಮಿ. ನನ್ನ ದೊಡ್ಡಪ್ಪನ ಮಗನ ಹೆಸರೂ ಎಸ್. ನಂಜುಂಡಸ್ವಾಮಿ. ನಮ್ಮ ತಾತನ ಹೆಸರು ಅದು. ಮೊದಲ ಗಂಡುಮಗನಿಗೆ ತಾತನ ಹೆಸರಿಡಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ದೊಡ್ಡಪ್ಪ ಶಿವಣ್ಣ ತಮ್ಮ ಮಗನಿಗೆ ಇಟ್ಟರು. ಎಂಟು ತಿಂಗಳಾದ ಮೇಲೆ ನಾನು ಹುಟ್ಟಿದೆ. ನಮ್ಮಪ್ಪ ಸಿದ್ದಣ್ಣನವರಿಗೆ ಎಲ್ಲರೂ ಬುದ್ಧಿ ಹೇಳಿದರಂತೆ, ಬೇರೆ ಹೆಸರಿಡು ಅಂತ. "ಅಣ್ಣ ಇಟ್ಬುಟ್ಟ ಅಂತ ನಾನ್ಯಾಕೆ ಬುಡ್ಲಿ? ಅವನೊಬ್ಬನಿಗೇ ಅಪ್ಪನಾ ಅವರು?" ಅಂತ ನಮ್ಮಪ್ಪ ಕೇಳಿದರಂತೆ. ನನಗೂ ಅದೇ ಹೆಸರಿಟ್ಟರು.

ಹೀಗೆ ಕೃಷ್ಣಮೂರ್ತಿಪುರದ ಒಂದೇ ಸೂರಿನಡಿ, ಒಂದೇ ಇನಿಷಿಯಲ್ಲಿನ, ಒಂದೇ ಹೆಸರಿನ ಇಬ್ಬರು ಬೆಳೆದೆವು. ಬೀದಿಯವರು ತಮ್ಮ ಅನುಕೂಲಕ್ಕೆ ದಪ್ಪ ನಂಜ, ಸಣ್ಣ ನಂಜ ಅನ್ನುತ್ತಿದ್ದರು. ಮದುವೆಯಾದ ಮೇಲೆ ನಾನು ಮಹಡಿಗೆ ಹೋದೆ, ಅವನು ಕೆಳಗೇ ಉಳಿದ. ಅಷ್ಟರಲ್ಲಿ ನಾನೂ ದಪ್ಪಗಾಗಿದ್ದೆನಾದ್ದರಿಂದ ಹಳೆಯ ಗುರುತು ಕೆಲಸಕ್ಕೆ ಬಾರದೆ ಮೇಲಿನ ನಂಜ, ಕೆಳಗಿನ ನಂಜ ಅಂತಾಯಿತು. ನಾನು ಮೇಲಿನವನು.

ಒಂದೇ ಹೆಸರಿನಿಂದ ಲಾಭವಾಯಿತೋ ನಷ್ಟವಾಯಿತೋ ಅಂತ ಕೇಳಿದರೆ ಒಂದು ಸಂಗತಿ ಹೇಳಬೇಕು. ನಾವು ಮೂರನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿಗೆ ಸೂಜಿ ಹಾಕುವವರು ಬಂದರು. ಪಟ್ಟಿ ಹಿಡಿದು ಹೆಸರು ಕೂಗಿದರು. ನಾನು ಹೋಗಿ ಚುಚ್ಚಿಸಿಕೊಂಡು ಬಂದು, ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ ಮತ್ತೆ ಅದೇ ಹೆಸರು ಕೂಗಿದರು. ಕೆಳಗಿನ ನಂಜ ಆಗಲೇ ಬೆಂಚಿನಡಿ ನುಸುಳಿ ಕೂತಿದ್ದ. "ಎಲ್ಲೋ ಅವನು?" ಅಂತ ಮೇಷ್ಟ್ರು ಗದರಿದರು. ಕೂಗಿದ್ದು ನನ್ನ ಹೆಸರೇ ಆದ್ದರಿಂದ ನನ್ನ ಕಾಲು ತಾನಾಗಿಯೇ ಎದ್ದು ನಡೆಯಿತು. ಇನ್ನೊಂದು ತೋಳಿಗೂ ಬಿತ್ತು. ಎರಡು ದಿನ ಜ್ವರದಲ್ಲಿ ಮಲಗಿದೆ. ವಿಷಯ ತಿಳಿದ ದೊಡ್ಡವ್ವ ತನ್ನ ಮಗನಿಗೆ ಸೌಟಿನಲ್ಲಿ ಎರಡು ಕೊಟ್ಟಳು. ಜ್ವರ ಬಿಟ್ಟ ಮೇಲೆ ನನಗೂ ಒಂದು ಕೊಟ್ಟಳು. "ಅವನು ಕಳ್ಳ, ಸರಿ. ನೀನೆಂಥ ದಡ್ಡನ್ಲಾ, ಎರಡ್ಸಲ ಓಗಿ ಚುಚ್ಚಿಸ್ಕಳಕ್ಕೆ?"

ದೊಡ್ಡವ್ವ ಅಂದರೆ ಕೆಳಗಿನ ನಂಜನ ತಾಯಿ, ಮಾದೇವಮ್ಮ. ನಾನು ನಾಲ್ಕು ವರ್ಷದವನಿದ್ದಾಗ ನನ್ನವ್ವ ಹೋದಳು. ಆಮೇಲೆ ನನಗೆ ತುತ್ತು ಹಾಕಿದ್ದು, ನೆತ್ತಿಗೆ ಎಣ್ಣೆ ತಿಕ್ಕಿದ್ದು, ಸೌಟಿನಲ್ಲಿ ಕೊಟ್ಟಿದ್ದು ಎಲ್ಲ ಇವಳೇ. ನಮ್ಮಿಬ್ಬರನ್ನೂ ಅವಳು 'ನಂಜಾ' ಅಂತಲೇ ಕರೆಯುತ್ತಿದ್ದಳು. ಆದರೂ ಒಂದು ದಿನ ಕೂಡ ನಮಗೆ ಗೊಂದಲವಾಗಿದ್ದಿಲ್ಲ. ಅವನನ್ನು ಕರೆಯುವಾಗ ಕೊನೆಯ ಸ್ವರ ಮೇಲಕ್ಕೇರುತ್ತಿತ್ತು, ದೂರದ ಹೊಲದಲ್ಲಿರುವವನನ್ನು ಕೂಗಿದ ಹಾಗೆ. ನನ್ನನ್ನು ಕರೆಯುವಾಗ ಅದೇ ಸ್ವರ ಕೆಳಕ್ಕಿಳಿಯುತ್ತಿತ್ತು, ಪಕ್ಕದಲ್ಲೇ ಕೂತವನಿಗೆ ಹೇಳಿದ ಹಾಗೆ. ನಾನು ತಾರಸಿಯಲ್ಲಿ ಗಾಳಿಪಟ ಬಿಡುತ್ತಿದ್ದರೂ ಅವಳು ಇಳಿದ ಸ್ವರದಲ್ಲೇ ಕರೆಯುತ್ತಿದ್ದಳು, ನನಗೆ ಕೇಳಿಸುತ್ತಲೂ ಇತ್ತು. ಇದರ ಬಗ್ಗೆ ಕೆಳಗಿನ ನಂಜನಿಗೆ ಹೊಟ್ಟೆಯುರಿ. "ನನ್ನ ಕೂಗೋದು ನಾಯಿ ಅಟ್ಟಿದಂಗೆ, ನಿನ್ನ ಕರಿಯೋದು ಊಟಕ್ಕೆ ಎಬ್ಬಿಸ್ದಂಗೆ" ಅನ್ನುತ್ತಿದ್ದ. ನಾನು ಒಳಗೊಳಗೇ ಬೀಗುತ್ತಿದ್ದೆ.

ದೊಡ್ಡವ್ವನ ಗಂಟಲು ನಮ್ಮ ಬಡಾವಣೆಗೆಲ್ಲ ಗೊತ್ತಿತ್ತು. ಎಣ್ಣೆಶಾಸ್ತ್ರದ ಹಾಡು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಡು ಎಲ್ಲ ಅವಳಿಗೆ ಬಾಯಿಪಾಠ. ಓದುಬರಹ ಬರುತ್ತಿರಲಿಲ್ಲವಾದ್ದರಿಂದ ಯಾವುದನ್ನೂ ಬರೆದಿಟ್ಟಿರಲಿಲ್ಲ. ಇಲ್ಲಿಂದ ಅಶೋಕಪುರಂವರೆಗೆ ಯಾರ ಮನೆಯಲ್ಲಿ ಚಪ್ಪರ ಹಾಕಿದರೂ "ಮಾದೇವಮ್ಮನೋರಿಗೆ ಹೇಳಿದ್ರಾ?" ಅಂತ ಮೊದಲು ಕೇಳುತ್ತಿದ್ದರು. ಛತ್ರದಲ್ಲಿ ಮೈಕು ಕೊಟ್ಟರೆ ಆಚೆ ತಳ್ಳಿಬಿಡುತ್ತಿದ್ದಳು. ಅವಳಿಗೆ ಅದರ ಅಗತ್ಯವೂ ಇರಲಿಲ್ಲ.

ಇನ್ನು ಕೆಳಗಿನ ನಂಜ. ಅವನದು ಮಾರ್ಕೆಟ್ ಹತ್ತಿರ ಪಾತ್ರೆ ಅಂಗಡಿ. ಸ್ಟೀಲ್ ಪಾತ್ರೆ ಕೊಂಡವರಿಗೆ ಅದರ ಮೇಲೆ ಹೆಸರು ಕೊರೆದು ಕೊಡುವುದು ನಿಮಗೆ ಗೊತ್ತೇ ಇದೆ. ಗುರ್ ಅನ್ನುವ ಕರೆಂಟಿನ ಪೆನ್ನು ಹಿಡಿದು ಅವನು ಬರೆದರೆ ಅಕ್ಷರ ಮುತ್ತಿನ ಹಾಗೆ ಬರುತ್ತಿತ್ತು. ಆ ಚಟ ಅಂಗಡಿಯಲ್ಲೇ ನಿಲ್ಲಲಿಲ್ಲ. ನಮ್ಮ ಎರಡೂ ಮನೆಗಳ ತಟ್ಟೆ, ಲೋಟ, ಡಬರಿ, ಇಕ್ಕಳ, ಟಾರ್ಚು, ಕೊನೆಗೆ ಇಲಿಬೋನಿನ ಮೇಲೂ 'ನಂಜುಂಡ' ಅಂತ ಕೊರೆದಿದ್ದ. ಕೆಳಗಿನಿಂದ ಹೋಳಿಗೆ ತುಂಬಿಕೊಂಡು ಬಂದ ಡಬ್ಬಿ ಮೇಲಿನಿಂದ ಚಕ್ಕುಲಿ ತುಂಬಿಕೊಂಡು ಇಳಿಯುತ್ತಿತ್ತು. ಅದು ಯಾರ ಡಬ್ಬಿ ಅಂತ ಕೇಳಿದವರಿಲ್ಲ. ನನ್ನ ಹೆಂಡತಿ ಮದುವೆಯಾದ ಹೊಸದರಲ್ಲಿ ತವರಿನ ಪಾತ್ರೆಗಳಿಗೆ ಬೇರೆ ಗುರುತು ಹಾಕಿಸಲು ಹೊರಟಿದ್ದಳು. "ಯಾಕಮ್ಮ, ಅದು ಬ್ಯಾರೆ ಮನೇದಾ?" ಅಂತ ದೊಡ್ಡವ್ವ ಒಂದೇ ಮಾತು ಕೇಳಿದಳು. ಆ ಪಾತ್ರೆಗಳಿಗೂ 'ನಂಜುಂಡ' ಬಿತ್ತು.

ಎರಡು ಸಾವಿರ ಇಸವಿ ದಾಟಿದ ಮೇಲೆ ಕೆಳಗಿನ ಮನೆಗೆ ಒಂದು ಕಂಪ್ಯೂಟರ್ ಬಂತು. ವರ್ಷದೊಳಗೆ ನಾನೂ ಒಂದನ್ನು ಕೊಂಡೆ. ನನ್ನದು ಹೊಸ ಮಾದರಿಯದಾದ್ದರಿಂದ ಅದರಲ್ಲಿ ಸಿಡಿ ಬರೆಯುವ ಸೌಕರ್ಯವಿತ್ತು, ಅವನದರಲ್ಲಿ ಇರಲಿಲ್ಲ. ಕೆಳಗಿನ ನಂಜ ಎರಡಕ್ಕೂ ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದು, ಆಮೇಲೆ ಪೆನ್ನು ತಂದು ಎರಡು ತಗಡಿನ ಪೆಟ್ಟಿಗೆಗಳ ಮೇಲೂ ಹೆಸರು ಕೊರೆದ. ಕಂಪ್ಯೂಟರಲ್ಲವೇ, ಮರ್ಯಾದೆ ಕೊಟ್ಟು ಇಂಗ್ಲಿಷ್ ದಪ್ಪಕ್ಷರದಲ್ಲಿ ಕೊರೆದ.

ನಾನು ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯದ ಸಹಾಯಕ. ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿನಲ್ಲಿ ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿದ್ದೆ. ಅಷ್ಟಕ್ಕೇ ಊರಿಗೊಬ್ಬಳೇ ಪದ್ಮಾವತಿ ಅನ್ನುವ ಹಾಗೆ ಮೆರೆಯುತ್ತಿದ್ದೆ. ಆ ವರ್ಷದ ದಸರಾ ರಜೆಯಲ್ಲಿ, ಎರಡು ಕಂಪ್ಯೂಟರುಗಳನ್ನೂ ಜೋಡಿಸಿ ಮೇಲಿನದರಲ್ಲಿ ಕೂತು ಕೆಳಗಿನದರ ಫೈಲು ತೆಗೆದು ತೋರಿಸುತ್ತೇನೆ ಅಂತ ಮನೆಮಂದಿಗೆಲ್ಲ ಸಾರಿದೆ. ಎರಡಕ್ಕೂ ನೆಟ್‌ವರ್ಕ್ ಕಾರ್ಡು ಹಾಕಿಸಿದೆ. ನೀಲಿ ಕೇಬಲ್ಲನ್ನು ಮೆಟ್ಟಿಲ ಕಿಟಕಿಯಿಂದ ಇಳಿಬಿಟ್ಟೆ. ಕಂಪ್ಯೂಟರು ಏನೇನೋ ಕೇಳಿತು. ಕೇಳಿದ್ದಕ್ಕೆಲ್ಲ ಎರಡರಲ್ಲೂ ಉತ್ತರ ತುಂಬಿದೆ. ಅದು ಇದಕ್ಕೆ ಕಾಣಲಿಲ್ಲ, ಇದು ಅದಕ್ಕೆ ಕಾಣಲಿಲ್ಲ. ನಾಲ್ಕು ದಿನ ಮೆಟ್ಟಿಲು ಹತ್ತಿ ಇಳಿದು ಮಂಡಿ ಹಿಡಿದುಕೊಂಡಿತು. "ಜಂಬೂಸವಾರಿ ಮುಗೀತು, ನಿನ್ ಸವಾರಿ ಯಾವಾಗ್ಲೋ ಮುಗಿಯೋದು?" ಅಂತ ಕೆಳಗಿನ ನಂಜ ಕೇಳಿದ. ರಜೆ ಮುಗಿಯಿತು. ಕೇಬಲ್ಲನ್ನು ಸುತ್ತಿ ಮೆಟ್ಟಿಲ ಕೆಳಗಿನ ಮೊಳೆಗೆ ನೇತುಹಾಕಿದೆ. ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ.

ಬೇಸಗೆ ಬರುವ ಹೊತ್ತಿಗೆ ದೊಡ್ಡವ್ವನ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು ಅಂದರು ಡಾಕ್ಟರು. ದನಿಯ ನರ ಅದಕ್ಕೇ ಅಂಟಿಕೊಂಡ ಹಾಗಿದೆ, ದನಿ ಹೋದರೂ ಹೋಗಬಹುದು ಅಂತ ಮೊದಲೇ ತಿಳಿಸಿದರು. "ಊಟ ಇಳಿದ್ರೆ ಸಾಕು ಬುಡಿ ಸ್ವಾಮಿ, ಈ ವಯಸ್ನಲ್ಲಿ ದನಿ ತಕಂಡು ಏನ್ ಮಾಡ್ಲಿ" ಅಂದಳು ದೊಡ್ಡವ್ವ. ಆದರೆ ಎರಡು ದಿನ ಕಳೆದ ಮೇಲೆ ನನ್ನನ್ನು ಒಬ್ಬನನ್ನೇ ಕರೆದು ಹೇಳಿದಳು: "ಪದನೆಲ್ಲ ಎಲ್ಲಾರ ತುಂಬಿಡೋ ನಂಜಾ. ಮೊಮ್ಮಗಳ ಮದ್ವೇಲಿ ನಾನು ಬಾಯಿ ಮುಚ್ಕಂಡು ಕೂತಿರಕ್ಕಾಗಕಿಲ್ಲ." ಮೊಮ್ಮಗಳು ಅಂದರೆ ಕೆಳಗಿನ ನಂಜನ ಮಗಳು. ಅವಳಿಗಾಗ ಹನ್ನೊಂದು ವರ್ಷ.

ಕೆಳಗಿನ ನಂಜ ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿ ಧೂಳು ಒರೆಸತೊಡಗಿದ. ಅಲ್ಲೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬಾಯಿ ಹಾಕಿದೆ. "ಈ ಕಾಲದಲ್ಲಿ ಕ್ಯಾಸೆಟ್ಟಾ? ಬೂಷ್ಟು ಹಿಡಿಯತ್ತೆ, ಟೇಪು ಸುತ್ಕೊಳ್ಳತ್ತೆ. ಕಂಪ್ಯೂಟರ್‌ಗೆ ತುಂಬಿದ್ರೆ ಶಾಶ್ವತ ಕಣೋ!" ಶಾಶ್ವತ ಅಂದವನು ನಾನೇ. ಅವನು ಟೇಪ್ ರೆಕಾರ್ಡರನ್ನು ಮತ್ತೆ ಅಟ್ಟಕ್ಕೇರಿಸಿದ.

ದೊಡ್ಡವ್ವನಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲವಾದ್ದರಿಂದ ಕೆಳಗಿನ ಕಂಪ್ಯೂಟರಿನಲ್ಲೇ ರೆಕಾರ್ಡಿಂಗ್ ಆಯಿತು. ಒಂದು ಮಧ್ಯಾಹ್ನ ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿ, ಪುಟ್ಟ ಮೈಕನ್ನು ಚೊಂಬಿನೊಳಗೆ ನೆಟ್ಟಗೆ ನಿಲ್ಲಿಸಿದೆ. ಅವಳು ಬೆವರು ಒರೆಸಿಕೊಳ್ಳುತ್ತ ಏಳು ಹಾಡು ಹಾಡಿದಳು. ಏಳು ಫೈಲುಗಳಾದವು. ಒಂದೊಂದು ಹಾಡನ್ನು ಫ್ಲಾಪಿಗೆ ಹಾಕಲು ಹೋದರೆ ಮೂವತ್ತು ಫ್ಲಾಪಿ ಬೇಕು, ಅಷ್ಟು ದೊಡ್ಡ ಫೈಲು. ಹೇಗಾದರೂ ಮಾಡಿ ಮೇಲಿನ ಕಂಪ್ಯೂಟರಿಗೆ ಸಾಗಿಸಿ ಸಿಡಿ ಬರೆದರಾಯಿತು ಅಂದುಕೊಂಡೆ. ನಾಳೆ ಅಂದೆ, ಬರುವ ಭಾನುವಾರ ಅಂದೆ. ಅಷ್ಟರಲ್ಲಿ ಆಪರೇಷನ್ನಿನ ದಿನ ಬಂತು.

ಗಂಟು ಹೋಯಿತು, ದನಿಯೂ ಹೋಯಿತು. ಒಂದು ತಿಂಗಳಾದರೂ ಬಂದದ್ದು ಬರೀ ಪಿಸುಗುಡುವ ಒಣ ಸದ್ದು. ಅದರಲ್ಲಿ 'ನಂಜಾ' ಅಂತ ಕರೆದರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಯಾವ ನಂಜನನ್ನು ಕರೆದಳು ಅಂತ ತಿಳಿಯದೆ ಇಬ್ಬರೂ ಓಡುತ್ತಿದ್ದೆವು, ಇಲ್ಲವೇ ಅವನನ್ನು ಅಂತ ನಾನು, ನನ್ನನ್ನು ಅಂತ ಅವನು ಕೂತೇ ಇರುತ್ತಿದ್ದೆವು. ಒಂದು ಸಂಜೆ ನೀರಿಗಾಗಿ ಆರು ಸಲ ಕರೆದಳಂತೆ. ಅವನು ನಡುಮನೆಯಲ್ಲಿ ಪೇಪರ್ ಓದುತ್ತಿದ್ದ, ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಇಬ್ಬರಿಗೂ ಕೇಳಿಸಿತ್ತು, ಒಬ್ಬರೂ ಏಳಲಿಲ್ಲ. ಅವತ್ತಿನಿಂದ ಅವಳು ಪಕ್ಕದಲ್ಲಿ ಒಂದು ಲೋಟ, ಒಂದು ಚಮಚ ಇಟ್ಟುಕೊಂಡಳು. ಒಂದು ಏಟು ಹಾಕಿದರೆ ಕೆಳಗಿನ ನಂಜ, ಎರಡು ಏಟು ಹಾಕಿದರೆ ಮೇಲಿನ ನಂಜ. ವ್ಯವಸ್ಥೆ ಏನೋ ಚೆನ್ನಾಗಿತ್ತು, ಎಲ್ಲರೂ ಹೊಗಳಿದರು. ನಾನು ಮಾತ್ರ ಮೊದಲ ಸಲ ಆ ಎರಡು ಏಟು ಕೇಳಿದ ದಿನ, ನಲವತ್ತು ವರ್ಷದ ಗಂಡಸು, ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ಇಷ್ಟಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ನಂಜ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಮೆಟ್ಟಿಲು ಹತ್ತಿ ಬಂದ. "ಲೋ, ಕಂಪ್ಯೂಟರ್ ಒಳಗಿಂದ ಟಕ್ ಟಕ್ ಅಂತ ಬತ್ತಾ ಅದೆ. ಅವ್ವ ಲೋಟ ಬಡೀತಾವ್ಳೆ ಅಂದ್ಕಂಡು ಎರಡ್ಸಲ ಎದ್ದೋಗಿ ನೋಡ್ಬಂದೆ" ಅಂದ. ಇಳಿದು ಹೋಗಿ ಪೆಟ್ಟಿಗೆಗೆ ಕಿವಿ ಇಟ್ಟೆ. ಒಳಗೆ ಯಾರೋ ಬಾಗಿಲು ತಟ್ಟುವ ಹಾಗೆ ಸದ್ದು. ನನ್ನ ಮೂರು ತಿಂಗಳ ಕೋರ್ಸಿನಲ್ಲಿ ಇದರ ಪಾಠ ಆಗಿರಲಿಲ್ಲ.

ಆ ಟ್ಯುಟೋರಿಯಲ್ಲಿನಲ್ಲಿ ನನಗೆ ಪಾಠ ಹೇಳಿದ್ದ ಶಶಿಕಲಾ ಮೇಡಂಗೆ ಫೋನು ಮಾಡಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಬುದ್ಧಿಯಲ್ಲಿ ಅಲ್ಲ. ಬೆಳಗಿನ ಕ್ಲಾಸು ಮುಗಿಸಿ ಸ್ಕೂಟರಿನಲ್ಲಿ ಬಂದು, ಸದ್ದು ಕೇಳಿ, ಮುಖ ಗಂಭೀರ ಮಾಡಿಕೊಂಡರು. "ಡಿಸ್ಕ್ ಹೋಗ್ತಾ ಇದೆ ಸಾರ್. ಈಗ ಓಡ್ತಿರೋದೇ ಪುಣ್ಯ. ಆಫ್ ಮಾಡ್ಬೇಡಿ, ಬಿಚ್ಬೇಡಿ, ಅಲ್ಲಾಡಿಸ್ಬೇಡಿ. ಒಂದ್ಸಲ ಆಫ್ ಆದ್ರೆ ಮತ್ತೆ ಏಳತ್ತೆ ಅಂತ ನಾನಂತೂ ಹೇಳಲ್ಲ. ಏನೇನು ಬೇಕೋ ಈಗ್ಲೇ ಬೇರೆ ಕಡೆಗೆ ತಗೊಂಡ್ಬಿಡಿ." ಆಮೇಲೆ ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿದರು. "ಇದನ್ನ ಯಾರು ಕೆತ್ತಿದ್ದು? ಕೆತ್ತುವಾಗ ಮಿಷನ್ ಆನ್ ಇತ್ತಾ?"

"ಲೈಟು ಉರೀತಿತ್ತು ಮೇಡಂ. ದೀಪ ಉರಿಯೋವಾಗ ಬರೆದ್ರೆ ಒಳ್ಳೇದು ಅಂತ..." ಅಂದ ಕೆಳಗಿನ ನಂಜ. "ಓಡೋ ಡಿಸ್ಕಿಗೆ ಆ ನಡುಕ ಆಗಲ್ಲ" ಅಂದು ಅವರು ಪರದೆಯ ಕಡೆ ತಿರುಗಿದರು.

ನನಗೂ ಅವನಿಗೆ ಏನಾದರೂ ಅನ್ನಬೇಕು ಅನ್ನಿಸಿತು. ಆದರೆ ಅವನೇ ಮೊದಲು ಬಾಯಿ ತೆರೆದ. "ಶಾಶ್ವತ ಅಂದಿದ್ದೆ" ಅಂದ. ಅಷ್ಟೇ ಅಂದಿದ್ದು. ಬೈದಿದ್ದರೆ ಮೇಲಾಗಿತ್ತು.

ಆಗ ಗಂಟೆ ಹನ್ನೆರಡೂವರೆ. ಆ ದಿನಗಳಲ್ಲಿ ನಮ್ಮ ಕಡೆ ದಿನಾ ಮಧ್ಯಾಹ್ನ ಮೂರಕ್ಕೆ ಕರೆಂಟ್ ತೆಗೆಯುತ್ತಿದ್ದರು. ಕೆಳಗಿನ ಕಂಪ್ಯೂಟರಿಗೆ ಯುಪಿಎಸ್ ಇತ್ತು, ತಡೆದರೆ ಹತ್ತು ನಿಮಿಷ ತಡೆಯುತ್ತಿತ್ತು. ನನ್ನದಕ್ಕೆ ಅದೂ ಇರಲಿಲ್ಲ. ಮೂರರೊಳಗೆ ಏಳು ಹಾಡುಗಳು ಕೆಳಗಿನಿಂದ ಮೇಲಕ್ಕೆ ಬರಬೇಕು. ಬರುವ ದಾರಿ ಒಂದೇ, ಮೆಟ್ಟಿಲ ಕೆಳಗೆ ಮೊಳೆಯಲ್ಲಿ ನೇತಾಡುತ್ತಿದ್ದ ನೀಲಿ ಕೇಬಲ್.

ತಂದು ಸಿಕ್ಕಿಸಿದೆವು. ಕಾರ್ಡಿನ ದೀಪ ಉರಿಯಲಿಲ್ಲ. ಮೇಡಂ ಕೇಬಲ್ಲಿನ ಎರಡು ತುದಿಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದರು. "ಇದು ದಸರಾದಲ್ಲಿ ಹಾಕಿದ್ದಾ ಸಾರ್? ಎರಡು ತುದೀಲೂ ತಂತಿ ಒಂದೇ ಸಾಲಲ್ಲಿವೆ. ಹಿಂಗಿದ್ರೆ ಇಬ್ರೂ ಒಂದೇ ತಂತೀಲಿ ಮಾತಾಡ್ತಾರೆ, ಕೇಳಿಸ್ಕೊಳ್ಳೋ ತಂತೀಲಿ ಯಾರೂ ಇರಲ್ಲ. ಎರಡೇ ಕಂಪ್ಯೂಟರ್ ಸೇರಿಸೋದಾದ್ರೆ ಒಂದು ತುದೀಲಿ ಅದಲು ಬದಲು ಮಾಡ್ಬೇಕು." ಅಂದರೆ ದಸರಾದ ನಾಲ್ಕು ದಿನ ನಾನು ಕಿವುಡರಿಬ್ಬರ ನಡುವೆ ಓಡಾಡಿದ್ದೆ. ಮೇಡಂ ಸರಸ್ವತಿಪುರಂಗೆ ಹೋಗಿ ಇಕ್ಕಳ, ಹೊಸ ಮೂತಿ ತಂದು, ಎಂಟು ಬಣ್ಣದ ತಂತಿಗಳನ್ನು ಸರಿಯಾಗಿ ಜೋಡಿಸಿ ಕಚ್ಚಿಸುವಷ್ಟರಲ್ಲಿ ಒಂದೂವರೆ ದಾಟಿತು. ಎರಡೂ ಕಡೆ ಹಸಿರು ದೀಪ ಹತ್ತಿಕೊಂಡಾಗ ನಾನು ಕುಣಿಯುವುದೊಂದು ಬಾಕಿ.

ಆದರೂ ಒಂದಕ್ಕೊಂದು ಕಾಣಲಿಲ್ಲ. ಮೇಡಂ ಅಂಕಿಯ ವಿಳಾಸ ಹೊಡೆದು ನೋಡಿದರು, ಆ ಕಡೆಯಿಂದ ಉತ್ತರ ಬಂತು. "ತಂತಿ ಸರಿ ಇದೆ. ಒಂದನ್ನೊಂದು ಮುಟ್ತಾ ಇವೆ, ಗುರುತು ಮಾತ್ರ ಸಿಕ್ತಿಲ್ಲ" ಅಂದರು. ಹಾಡುಗಳಿದ್ದ ಫೋಲ್ಡರನ್ನು ಹಂಚಿಕೊಳ್ಳಲು ಬಿಟ್ಟಿದ್ದೀವಾ ಅಂತ ನೋಡಿದರು. ಅದೂ ಸರಿಯಾಗಿತ್ತು, ಫೋಲ್ಡರಿನ ಕೆಳಗೆ ಚಾಚಿದ ಪುಟ್ಟ ಕೈಯ ಚಿತ್ರ ಬಂದಿತ್ತು. ಕೆಳಗಿನ ನಂಜನನ್ನು ಅವನ ಕಂಪ್ಯೂಟರಿನ ಕಾವಲಿಗೆ ಕೂರಿಸಿ ನಾವಿಬ್ಬರೂ ಮೇಲೆ ಬಂದೆವು. ಮೇಡಂ ನನ್ನದನ್ನು ಒಂದು ಸಲ ಆಫ್ ಮಾಡಿ ಆನ್ ಮಾಡಲು ಹೇಳಿದರು. ಮಾಡಿದೆ. ಪರದೆಯ ಮೇಲೆ ಒಂದು ಚೌಕ ಬಂತು, ಓಕೆ ಒತ್ತಿದೆ.

"ಏನು ಬಂತು ಸಾರ್ ಅದು?"

"ಏನೋ ಬಂತು ಮೇಡಂ. ಯಾವಾಗ್ಲೂ ಏನಾದ್ರೂ ಬರ್ತಾನೇ ಇರತ್ತೆ."

"ಓದಿದ್ರಾ?"

ಓದಿರಲಿಲ್ಲ. ಇಪ್ಪತ್ತು ವರ್ಷ ಪ್ರಿನ್ಸಿಪಾಲರ ಸುತ್ತೋಲೆಗಳಿಗೆ ಓದದೆ ಸಹಿ ಹಾಕಿದ ಕೈ ಅದು. ಮೇಡಂ ತಾವೇ ಕೂತು ಮತ್ತೆ ಆಫ್ ಮಾಡಿ ಆನ್ ಮಾಡಿದರು. ಚೌಕ ಬಂದಾಗ ನಾನು ಕೈ ಚಾಚಿದೆ, ಅವರು ನನ್ನ ಕೈಯನ್ನು ತಡೆದು ಓದಿ ಹೇಳಿದರು: "ಈ ಹೆಸರಿನ ಕಂಪ್ಯೂಟರ್ ಇಲ್ಲಿ ಆಗಲೇ ಒಂದಿದೆ ಅಂತಿದೆ. ಇದಕ್ಕೇನು ಹೆಸರು ಕೊಟ್ಟಿದ್ದೀರಿ?"

"ನಂಜುಂಡ."

"ಕೆಳಗಿನದಕ್ಕೆ?"

"ಅದೂ ನಂಜುಂಡನೇ."

ಮೇಡಂ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ನೋಡುವ ಹಾಗೆ ನನ್ನ ಮುಖ ನೋಡಿದರು. ಕೆಳಗಿನಿಂದ ಕೆಳಗಿನ ನಂಜ ಕೂಗಿದ: "ನಮ್ಮನೇಲಿ ಎಲ್ಲಕ್ಕೂ ಅದೇ ಮೇಡಂ! ಬೇಕಾದ್ರೆ ಲೋಟ ನೋಡ್ಕಳಿ!" ಕಾಫಿ ಕುಡಿದಿಟ್ಟ ಲೋಟ ಪಕ್ಕದಲ್ಲೇ ಇತ್ತು. ಮೇಡಂ ತಿರುಗಿಸಿ ನೋಡಿದರು. ಅಷ್ಟು ಅವಸರದಲ್ಲೂ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನನ್ನ ತಪ್ಪೇನು ಅಂತ ನೀವೇ ಹೇಳಿ. ದಸರಾದಲ್ಲಿ ಕಂಪ್ಯೂಟರ್ ತನ್ನ ಹೆಸರೇನು ಅಂತ ಕೇಳಿದಾಗ ನಾನು ಪೆಟ್ಟಿಗೆಯ ಮೇಲೆ ಕೊರೆದಿದ್ದನ್ನು ನೋಡಿ ಹೊಡೆದೆ. ಕೆಳಗಿಳಿದು ಹೋಗಿ ಅಲ್ಲಿ ಕೊರೆದಿದ್ದನ್ನು ನೋಡಿ ಹೊಡೆದೆ. ನಲವತ್ತು ವರ್ಷ ಇಬ್ಬರು ಒಂದೇ ಹೆಸರಿನಲ್ಲಿ ಬಾಳಿದ ಮನೆಯಲ್ಲಿ, ಎರಡು ಕಂಪ್ಯೂಟರಿಗೆ ಒಂದು ಹೆಸರು ಸಾಲದು ಅಂತ ಯಾರಿಗೆ ಹೊಳೆಯಬೇಕು? ಆದರೆ ನಮ್ಮಿಬ್ಬರಿಗೆ ದೊಡ್ಡವ್ವನ ಸ್ವರವಿತ್ತು. ಅದು ಹೋದ ಮೇಲೆ ನಾವೂ ಈ ಕಂಪ್ಯೂಟರುಗಳ ಹಾಗೇ ಗುರುತು ಸಿಗದೆ ಕೂತಿರಲಿಲ್ಲವೇ?

"ಒಂದರ ಹೆಸರು ಬದಲಾಯಿಸ್ಬೇಕು" ಅಂದರು ಮೇಡಂ. "ಬದಲಾಯಿಸಿದ್ರೆ ಆ ಮಿಷನ್ ಒಂದ್ಸಲ ಆಫ್ ಆಗಿ ಆನ್ ಆಗತ್ತೆ."

ಕೆಳಗಿನದನ್ನು ಆಫ್ ಮಾಡುವ ಹಾಗಿಲ್ಲ. ಅಲ್ಲಿಗೆ ಹೆಸರು ಬಿಡಬೇಕಾದವನು ಯಾರು ಅಂತ ತೀರ್ಮಾನವಾಯಿತು. ಚಿಕ್ಕಂದಿನಿಂದ ಇದೇ ವಿಷಯಕ್ಕೆ ನಾವು ಎಷ್ಟು ಸಲ ಮಣ್ಣಲ್ಲಿ ಹೊರಳಾಡಿ ಹೊಡೆದಾಡಿದ್ದೇವೆ, ಅಸಲಿ ನಂಜುಂಡ ಯಾರು ಅಂತ. ನಾನು ಒಮ್ಮೆಯೂ ಒಪ್ಪಿಕೊಂಡವನಲ್ಲ, ನಮ್ಮಪ್ಪನೂ ಒಪ್ಪಿಕೊಂಡವರಲ್ಲ. ಅವತ್ತು ಒಂದೊಂದೇ ಅಕ್ಷರ ಅಳಿಸಿದೆ. ಖಾನೆ ಖಾಲಿಯಾಯಿತು. ಏನು ಬರೆಯಬೇಕು ಅಂತ ತೋಚಲಿಲ್ಲ. "ಬೇಗ ಏನಾದ್ರೂ ಹೊಡೀರಿ ಸಾರ್, ಎರಡೂಕಾಲು" ಅಂದರು ಮೇಡಂ. ಅಷ್ಟರಲ್ಲಿ ಕೆಳಗಿನಿಂದ ಲೋಟದ ಮೇಲೆ ಎರಡು ಏಟು ಕೇಳಿಸಿತು. ಗಲಾಟೆ ಏನು ಅಂತ ತಿಳಿಯಲು ನನ್ನನ್ನು ಕರೆಯುತ್ತಿದ್ದಳು. ನಾನು 'ದೊಡ್ಡವ್ವ' ಅಂತ ಹೊಡೆದೆ.

ಕಂಪ್ಯೂಟರ್ ಆರಿ ಮತ್ತೆ ಹತ್ತಿಕೊಂಡಿತು. ಚೌಕ ಬರಲಿಲ್ಲ. ಪರದೆಯ ಮೇಲೆ ಎರಡು ಪುಟ್ಟ ಕಂಪ್ಯೂಟರುಗಳ ಚಿತ್ರ ಅಕ್ಕಪಕ್ಕ ಬಂದವು, ಒಂದರ ಕೆಳಗೆ ದೊಡ್ಡವ್ವ, ಇನ್ನೊಂದರ ಕೆಳಗೆ ನಂಜುಂಡ. "ಬಂತು ಕಣೋ!" ಅಂತ ಕೂಗಿದೆ. "ಬೇಗ ಎಳ್ಕಳೋ, ಇದು ಒದ್ದಾಡ್ತಾ ಅದೆ!" ಅಂತ ಅವನು ಕೂಗಿದ.

ಹಾಡುಗಳು ಒಂದೊಂದಾಗಿ ಬರತೊಡಗಿದವು. ಮೊದಲನೆಯದು ಬಂತು, ಎರಡನೆಯದು ಬಂತು, ಮೂರನೆಯದು ನಿಧಾನವಾಗಿ ಬಂತು. ನಾಲ್ಕನೆಯದು ಕಾಲುಭಾಗಕ್ಕೆ ನಿಂತುಬಿಟ್ಟಿತು. "ಟಕ್ ಟಕ್ ಜೋರಾಯ್ತು!" ಅಂತ ಕೆಳಗಿನಿಂದ ಕೂಗು. ಮೇಡಂ ಅದನ್ನು ಬಿಟ್ಟು ಐದನೆಯದಕ್ಕೆ ಕೈ ಹಾಕಿದರು. ಅದು ಬಂತು, ಆರು ಬಂತು. ಏಳನೆಯದು ಬಂದು ಮುಗಿಯುವಾಗ ಮೂರಕ್ಕೆ ಎಂಟು ನಿಮಿಷವಿತ್ತು. ಮತ್ತೆ ನಾಲ್ಕನೆಯದಕ್ಕೆ ಹೋದರು. ಅರ್ಧದವರೆಗೆ ಎಳೆದುಕೊಂಡು ಬರುತ್ತಿರುವಾಗ ಫ್ಯಾನು ನಿಂತಿತು, ಪರದೆ ಕಪ್ಪಾಯಿತು. ಬೇರೆ ದಿನ ಐದು ನಿಮಿಷ ತಡವಾಗಿಯಾದರೂ ತೆಗೆಯುವವರು ಅವತ್ತು ಸರಿಯಾಗಿ ಮೂರಕ್ಕೆ ತೆಗೆದಿದ್ದರು. ಕೆಳಗೆ ಯುಪಿಎಸ್ ಹತ್ತು ನಿಮಿಷ ಅರಚಿ ಸುಮ್ಮನಾಯಿತು. ಆ ಕಂಪ್ಯೂಟರು ಮತ್ತೆ ಏಳಲಿಲ್ಲ.

ಹೋದದ್ದು ತೊಟ್ಟಿಲಿಗೆ ಹಾಕುವ ಹಾಡು. ದೊಡ್ಡವ್ವನ ಮುಂದೆ ತಲೆ ತಗ್ಗಿಸಿ ಹೇಳಿದೆ. ಅವಳು ಪಿಸುಗುಟ್ಟಿದಳು. "ಓಗ್ಲಿ ಬುಡು. ಆ ಪದ ಏಳ್ಕಂಡೇ ಅಲ್ವಾ ನಿಮ್ಮಿಬ್ಬರ್ನೂ ತೂಗಿದ್ದು. ನಿಮ್ಗೇ ಅರ್ಧರ್ಧ ನೆಪ್ಪಿರ್ಬೇಕು." ನನಗೂ ಕೆಳಗಿನ ನಂಜನಿಗೂ ಸೇರಿ ಎರಡು ಸಾಲು ನೆನಪಿತ್ತು, ಎರಡೂ ಒಂದೇ ಸಾಲು.

ಐದು ಗಂಟೆಗೆ ಕರೆಂಟ್ ಬಂತು. ದೊಡ್ಡವ್ವನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ನಾವಿಬ್ಬರೂ ಹೊತ್ತು ಮಹಡಿಗೆ ತಂದೆವು. ಮೆಟ್ಟಿಲ ತಿರುವಿನಲ್ಲಿ ಅವನು ನನ್ನ ಕಾಲು ತುಳಿದ. ಮೇಡಂ ಕೂಡ ಉಳಿದುಕೊಂಡರು. ಒಂದೊಂದೇ ಹಾಡು ಹಾಕಿದೆ. ದೊಡ್ಡವ್ವನ ಹಳೆಯ ದನಿ ಕೋಣೆಯೆಲ್ಲ ತುಂಬಿತು. ಮೇಡಂ ಕಣ್ಣೊರೆಸಿಕೊಂಡರು. ದೊಡ್ಡವ್ವ ಮಾತ್ರ ಬೇರೆ ಯಾರೋ ಹಾಡಿದ್ದನ್ನು ಕೇಳುವ ಹಾಗೆ ಕೇಳಿದಳು. "ಇಲ್ಲಿ ಎಳೀಬಾರ್ದಿತ್ತು" ಅಂತ ಪಿಸುಗುಟ್ಟಿದಳು. "ಇಲ್ಲೊಂದು ಮಾತು ಬುಟ್ಬುಟ್ಟೆ" ಅಂದಳು.

ಕೊನೆಯದು ಆರತಿಯ ಹಾಡು. ಅದು ಮುಗಿಯಿತು. ಆದರೆ ರೆಕಾರ್ಡಿಂಗ್ ಮುಗಿಯಲಿಲ್ಲ. ಅವತ್ತು ಮಧ್ಯಾಹ್ನ ನಿಲ್ಲಿಸುವ ಬಟನ್ನು ಒತ್ತುವುದನ್ನು ನಾನು ಮರೆತು ಹಿತ್ತಿಲ ಕಡೆ ಹೋಗಿದ್ದೆ. ಕುರ್ಚಿ ಕಿರುಗುಟ್ಟಿದ ಸದ್ದು ಬಂತು. ಬೀದಿಯಲ್ಲಿ ಸೊಪ್ಪಿನವಳು ಕೂಗಿದ್ದು ಕೇಳಿಸಿತು. ಆಮೇಲೆ ದೊಡ್ಡವ್ವನ ದನಿ, ಆಪರೇಷನ್ನಿಗೆ ಮುಂಚಿನದು, ಕೊನೆಯ ಸ್ವರ ಮೆಲ್ಲಗೆ ಕೆಳಕ್ಕಿಳಿದು: "ನಂಜಾ... ಆಯ್ತು ಕಣೋ, ಬಾ. ಕಾಪಿ ಆರೋಯ್ತದೆ."

"ಬಂದೇ ದೊಡ್ಡವ್ವಾ" ಅಂದೆ. ಎದ್ದು ಮೆಟ್ಟಿಲ ಬಾಗಿಲವರೆಗೆ ಹೋಗಿಬಿಟ್ಟಿದ್ದೆ, ಕೆಳಗಿಳಿಯಲು. ಆಗ ನೆನಪಾಯಿತು. ತಿರುಗಿ ನೋಡಿದರೆ ಕೆಳಗಿನ ನಂಜ ನಗುತ್ತಿರಲಿಲ್ಲ. ಅವನು ಕಂಪ್ಯೂಟರನ್ನೇ ನೋಡುತ್ತಿದ್ದ.

"ಎಲ್ಗೋಯ್ತಾ ಇದ್ದೀಯೋ" ಅಂದಳು ದೊಡ್ಡವ್ವ, ಆ ಒಣಗಿದ ದನಿಯಲ್ಲಿ. "ನಾನಿಲ್ಲೇ ಇವ್ನಿ ಕಣೋ."

ಹೋಗಿ ಅವಳ ಪಕ್ಕ ಕೂತೆ.